ಕೈಗೆ ಬ್ಯಾಂಡೇಜ್ ಇದ್ದಷ್ಟು ದಿನ: 'ಹ್ಯಾಪಿ ಟುಗೆದರ್' ಸಿನಿಮಾನ ಹೇಗೆ ನೋಡ್ಬೇಕು

ಹಾಂಗ್‌ಕಾಂಗಿನ ಡೈರೆಕ್ಟರ್ ವಾಂಗ್ ಕಾರ್-ವೈ ಅವರ 'ಹ್ಯಾಪಿ ಟುಗೆದರ್' (1997) ನೋಡಿದ ಬಹಳ ಜನ ಹೇಳೋದು ಹೆಚ್ಚುಕಮ್ಮಿ ಒಂದೇ ಮಾತು, ನೋಡೋಕೆ ತುಂಬಾ ಚೆನ್ನಾಗಿದೆ ಆದ್ರೆ ಕಥೆ ಏನೂಂತ ಕೈಗೆ ಸಿಗ್ಲಿಲ್ಲ, ಇಬ್ರು ಜಗಳ ಆಡ್ತಾರೆ, ಸೇರ್ತಾರೆ, ಮತ್ತೆ ಜಗಳ ಆಡ್ತಾರೆ, ಬ್ಲ್ಯಾಕ್ ಅಂಡ್ ವೈಟ್ ಇದ್ದದ್ದು ಮಧ್ಯದಲ್ಲಿ ಕಲರ್ ಆಗುತ್ತೆ, ಕೊನೆಗೆ ಇದ್ದಕ್ಕಿದ್ದ ಹಾಗೆ ತೈವಾನಿನ ತೈಪೆ ಊರು ಬರುತ್ತೆ, ಅಲ್ಲಿಗೆ ಮುಗೀತು. ಮೊದಲ ಸಲ ನೋಡಿದವರಿಗೆ ಹಾಗನ್ನಿಸೋದು ಸಹಜ. ಆದ್ರೆ ಇದರಲ್ಲಿ ಕಥೆ ಇಲ್ಲ ಅನ್ನೋದನ್ನ ನಾನು ಒಪ್ಪಲ್ಲ. ಕಥೆ ಇದೆ, ಅದನ್ನ ಮಾತಲ್ಲಿ ಹೇಳಿಲ್ಲ ಅಷ್ಟೇ. ರೂಮಿನ ಬಾಡಿಗೆ ಯಾರು ಕಟ್ತಿದ್ದಾರೆ, ಪಾಸ್‌ಪೋರ್ಟ್ ಯಾರ ಹತ್ರ ಇದೆ, ಇವತ್ತು ಅಡುಗೆ ಯಾರು ಮಾಡಿದ್ರು, ಮಂಚದ ಮೇಲೆ ಯಾರು ಮಲಗಿದ್ದಾರೆ ಸೋಫಾ ಮೇಲೆ ಯಾರು, ಇಷ್ಟನ್ನ ಗಮನದಲ್ಲಿ ಇಟ್ಕೊಂಡು ನೋಡಿ, 96 ನಿಮಿಷದಲ್ಲಿ ಒಂದು ನಿಮಿಷನೂ ಸುಮ್ನೆ ಹೋಗಿಲ್ಲ ಅಂತ ಗೊತ್ತಾಗುತ್ತೆ. ಮುಂದೆ ನಾನು ಪೂರ್ತಿ ಕಥೆ ಹೇಳ್ತೀನಿ, ಕೊನೆಯನ್ನೂ ಹೇಳ್ತೀನಿ, ಹಾಗಾಗಿ ನೋಡದೇ ಇರೋರು ಬೇಕಿದ್ರೆ ನೋಡ್ಕೊಂಡು ಬಂದು ಓದಿ.

ಹಾಂಗ್‌ಕಾಂಗಿನ ಇಬ್ರು ಗಂಡಸರು. ಒಬ್ಬ ಲಾಯ್ ಯಿಯು-ಫಾಯ್, ಈ ಪಾತ್ರ ಮಾಡಿರೋದು ಟೋನಿ ಲಿಯುಂಗ್. ಇನ್ನೊಬ್ಬ ಹೋ ಪೋ-ವಿಂಗ್, ಮಾಡಿರೋದು ಲೆಸ್ಲಿ ಚೆಯುಂಗ್. ಇಬ್ರೂ ಪ್ರೇಮಿಗಳು, ಬಹಳ ಸಲ ಬಿಟ್ಟು ಬಹಳ ಸಲ ಸೇರಿರೋರು. ಪ್ರತಿ ಸಲ ಬಿಟ್ಟುಹೋಗೋದು ಹೋ, ವಾಪಸ್ ಬಂದು "ಮೊದಲಿಂದ ಶುರು ಮಾಡೋಣ" ಅನ್ನೋದೂ ಅವನೇ. ಆ ಒಂದು ಮಾತಿಗೆ ಫಾಯ್ ಪ್ರತಿ ಸಲ ಕರಗ್ತಾನೆ. ಹಾಗೇ ಒಂದು ಸಲ ಮೊದಲಿಂದ ಶುರು ಮಾಡೋಕೆ ಅಂತ ಇಬ್ರೂ ಊರು ಬಿಟ್ಟು ಅರ್ಜೆಂಟೀನಾಗೆ ಬರ್ತಾರೆ. ಅಲ್ಲಿ ಒಂದು ಲ್ಯಾಂಪ್ ತಗೋತಾರೆ, ಒಳಗೆ ಬಲ್ಬ್ ಹತ್ತಿದ್ರೆ ಸುತ್ತ ಇರೋ ಜಲಪಾತದ ಚಿತ್ರ ನೀರು ಬಿದ್ದಂಗೆ ತಿರುಗೋ ಲ್ಯಾಂಪು. ಅದು ಇಗುವಾಸು ಜಲಪಾತ ಅಂತ ಗೊತ್ತಾಗಿ ಅದನ್ನ ನೋಡ್ಕೊಂಡು ಊರಿಗೆ ಹೋಗೋಣ ಅಂತ ಒಂದು ಹಳೇ ಕಾರಲ್ಲಿ ಹೊರಡ್ತಾರೆ, ದಾರಿ ತಪ್ಪುತ್ತೆ, ರೋಡ್ ಪಕ್ಕ ನಿಂತು ಜಗಳ ಆಗುತ್ತೆ, ಹೋ ಬಿಟ್ಟು ಹೋಗ್ತಾನೆ. ಊರಿಗೆ ವಾಪಸ್ ಹೋಗೋಕೆ ಫಾಯ್ ಹತ್ರ ದುಡ್ಡಿಲ್ಲ. ಬ್ಯೂನಸ್ ಐರಿಸ್‌ನ ಒಂದು ಟ್ಯಾಂಗೋ (ಅಲ್ಲಿನ ಜೋಡಿ ಕುಣಿತ) ಬಾರಿನ ಬಾಗಿಲಲ್ಲಿ ನಿಂತು, ಚೀನಾ ತೈವಾನ್ ಕಡೆಯಿಂದ ಬರೋ ಟೂರಿಸ್ಟುಗಳನ್ನ ಒಳಗೆ ಕರೆಯೋ ಕೆಲಸಕ್ಕೆ ಸೇರ್ಕೋತಾನೆ. ಒಂದಿನ ಅದೇ ಬಾರಿಗೆ ಹೋ ಬಿಳಿ ಗಂಡಸರ ಜೊತೆ ನಗ್ತಾ ಬರ್ತಾನೆ. ಇಲ್ಲಿಂದ ನಿಜವಾದ ಸಿನಿಮಾ ಶುರು.

ಅರ್ಜೆಂಟೀನಾನೇ ಯಾಕೆ ಅನ್ನೋದಕ್ಕೆ ಒಂದಲ್ಲ ಎರಡು ಉತ್ತರ ಇವೆ. ವಾಂಗ್‌ಗೆ ಅರ್ಜೆಂಟೀನಾದ ಕಾದಂಬರಿಕಾರ ಮನ್ವೆಲ್ ಪುಯಿಗ್ ಅಂದ್ರೆ ತುಂಬಾ ಇಷ್ಟ, ಪುಯಿಗ್ ಸ್ವತಃ ಗೇ, ಅವರ ಒಂದು ಕಾದಂಬರಿ ಹಿಡ್ಕೊಂಡೇ ಈ ಸಿನಿಮಾದ ಯೋಚನೆ ಶುರುವಾಗಿದ್ದು, ಆಮೇಲೆ ಆ ಕಥೆ ಪೂರ್ತಿ ಬಿಟ್ಟುಹೋಯ್ತು. ಎರಡನೇದು, 1997ರ ಜುಲೈ 1ಕ್ಕೆ ಬ್ರಿಟನ್ನು ಹಾಂಗ್‌ಕಾಂಗನ್ನ ಚೀನಾಗೆ ಒಪ್ಪಿಸಬೇಕಿತ್ತು. ಅದರ ಹಿಂದಿನ ಒಂದೆರಡು ವರ್ಷ ಹಾಂಗ್‌ಕಾಂಗಿನ ಯಾವ ಡೈರೆಕ್ಟರ್ ಸಿಕ್ಕಿದ್ರೂ ಎಲ್ಲರೂ ಕೇಳ್ತಿದ್ದದ್ದು ಅದನ್ನೇ, ಮುಂದೇನಾಗುತ್ತೆ, ನಿಮಗೇನನ್ಸುತ್ತೆ. ಆ ಪ್ರಶ್ನೆಯಿಂದ ಆದಷ್ಟು ದೂರ ಹೋಗೋಣ ಅಂತಾನೇ ಭೂಮಿಯ ಆ ಕಡೆಗೆ ಹೋದೆ ಅಂತ ವಾಂಗ್ ಹೇಳಿದ್ದಾರೆ. ಇದು ಬರೀ ಮಾತಿನ ವರಸೆ ಅಲ್ಲ, ಹಾಂಗ್‌ಕಾಂಗಿನಿಂದ ಭೂಮಿಗೆ ನೇರ ತೂತು ಕೊರೆದ್ರೆ ಅರ್ಜೆಂಟೀನಾದ ಉತ್ತರದ ಕಡೆಗೆ ಹೊರಬರ್ತೀವಿ. ಟೈಮಿನ ಅಂತರ 11 ಗಂಟೆ, ಅಲ್ಲಿ ಹಗಲಾದ್ರೆ ಇಲ್ಲಿ ರಾತ್ರಿ, ಅಲ್ಲಿ ಬೇಸಿಗೆ ಇದ್ರೆ ಇಲ್ಲಿ ಚಳಿಗಾಲ. ಸಿನಿಮಾದಲ್ಲಿ ಫಾಯ್ ಒಂದು ಸಲ ಹಾಂಗ್‌ಕಾಂಗ್ ನೆನಪು ಮಾಡ್ಕೋತಾನೆ, ಆಗ ಪರದೆ ಮೇಲೆ ಆ ಊರಿನ ರೋಡು, ಕಾರು, ಬಿಲ್ಡಿಂಗು ಎಲ್ಲ ತಲೆಕೆಳಗಾಗಿ ಬರುತ್ತೆ. ಕೆಲವರು ಪ್ರಿಂಟ್ ಸರಿ ಇಲ್ವಾ ಅಂದುಕೋತಾರೆ. ಇಲ್ಲ, ಭೂಮಿಯ ಈ ತುದಿಯಲ್ಲಿ ನಿಂತವನ ಕಾಲಡಿಯಲ್ಲಿ ಅವನೂರು ಹಾಗೇ ತಾನೇ ಇರೋದು.

ಇನ್ನೊಂದು ವಿಷ್ಯ ಇದೆ, ಅದನ್ನ ಹೇಳೋರು ಕಮ್ಮಿ. ಸಿನಿಮಾ ಶುರುವಾಗೋದೇ ಪಾಸ್‌ಪೋರ್ಟ್ ಮೇಲೆ ಸ್ಟ್ಯಾಂಪ್ ಬೀಳೋ ಶಾಟಿನಿಂದ. ಅದು ಬ್ರಿಟಿಷ್ ಪಾಸ್‌ಪೋರ್ಟು, ಆದ್ರೆ ಹಾಂಗ್‌ಕಾಂಗಿನವರಿಗೆ ಅಂತಾನೇ ಮಾಡಿದ್ದು, 1987ರಿಂದ ಕೊಡೋಕೆ ಶುರು ಮಾಡಿದ್ದು, ಆಗ ಅದನ್ನ ಹಿಡ್ಕೊಂಡು ಬ್ರಿಟನ್ನಿಗೆ ಹೋಗಿ ನೆಲೆಸೋ ಹಕ್ಕು ಇರ್ಲಿಲ್ಲ. ಅಂದ್ರೆ ಈ ಇಬ್ರ ಕೈಲಿರೋ ಪಾಸ್‌ಪೋರ್ಟು ಯಾವ ದೇಶದ್ದೋ ಆ ದೇಶ ಇವರನ್ನ ಮನೆಯೊಳಗೆ ಬಿಟ್ಕೊಳ್ಳಲ್ಲ, ಇವರು ಹುಟ್ಟಿದ ಊರು ಇನ್ನೇನು ಕೆಲವೇ ತಿಂಗಳಲ್ಲಿ ಬೇರೆ ಸರ್ಕಾರದ ಕೈಗೆ ಹೋಗುತ್ತೆ. ವಾಂಗ್ ಕಾರ್-ವೈ ಕೂಡ ವಲಸೆ ಬಂದವರ ಮಗ, 1958ರಲ್ಲಿ ಶಾಂಘೈನಲ್ಲಿ ಹುಟ್ಟಿ ಐದು ವರ್ಷದ ಹುಡುಗ ಆಗಿದ್ದಾಗ ಅಪ್ಪ ಅಮ್ಮನ ಜೊತೆ ಹಾಂಗ್‌ಕಾಂಗಿಗೆ ಬಂದವರು, ಅಣ್ಣ ಅಕ್ಕ ಶಾಂಘೈನಲ್ಲೇ ಉಳ್ಕೊಂಡು ಮಧ್ಯೆ ಗಡಿ ಮುಚ್ಚಿಹೋಯ್ತು. ಊರು, ದೂರ, ವಾಪಸ್ ಹೋಗೋದು ಅನ್ನೋ ಮಾತು ಅವರಿಗೆ ಸ್ಕ್ರಿಪ್ಟಿಗೆ ಬೇಕು ಅಂತ ಹುಡುಕಿದ ವಿಷಯ ಅಲ್ಲ.

ಈಗ ಸಿನಿಮಾದ ಹೃದಯಕ್ಕೆ ಬರೋಣ. ಹೋ ತಾನು ಜೊತೆ ಸುತ್ತೋ ಆ ಬಿಳಿ ಗಂಡಸರಲ್ಲಿ ಒಬ್ಬನ ದುಬಾರಿ ವಾಚು ಕದ್ದು ಫಾಯ್‌ಗೆ ಕೊಡ್ತಾನೆ, ಇದನ್ನ ಮಾರಿ ಊರಿಗೆ ಹೋಗು ಅಂತ. ಆ ವಾಚಿನ ಗಲಾಟೆಯಲ್ಲಿ ಹೋನಿಗೆ ಸರಿಯಾಗಿ ಏಟು ಬೀಳುತ್ತೆ. ರಕ್ತ ಸೋರಿಸ್ಕೊಂಡು ಫಾಯ್ ಬಾಗಿಲಿಗೆ ಬರ್ತಾನೆ. ಆಸ್ಪತ್ರೆಯಲ್ಲಿ ಎರಡೂ ಕೈಗೆ ದಪ್ಪ ಬ್ಯಾಂಡೇಜು, ಬೆರಳು ಒಂದೂ ಆಚೆ ಕಾಣಲ್ಲ. ಅಲ್ಲಿ ಮತ್ತೆ ಅದೇ ಮಾತು, ಮೊದಲಿಂದ ಶುರು ಮಾಡೋಣ. ಫಾಯ್ ಅವನನ್ನ ತನ್ನ ರೂಮಿಗೆ ಕರ್ಕೊಂಡು ಬರ್ತಾನೆ, ಮತ್ತೆ ಇಲ್ಲಿವರೆಗೆ ಹೆಚ್ಚುಕಮ್ಮಿ ಕಪ್ಪುಬಿಳುಪಾಗಿದ್ದ ಸಿನಿಮಾಗೆ ಬಣ್ಣ ಬರುತ್ತೆ. ಹಳದಿ, ಕೆಂಪು, ಪಾಚಿ ಹಸಿರು, ಗೋಡೆ ಪೇಪರಿನ ಕಲೆ ಸಮೇತ ಎಲ್ಲ ಕಣ್ಣಿಗೆ ಹೊಡೆಯೋ ಹಾಗೆ. ಕ್ಯಾಮೆರಾ ಮಾಡಿರೋದು ಸಿಡ್ನಿಯಲ್ಲಿ ಹುಟ್ಟಿ ಹಾಂಗ್‌ಕಾಂಗಲ್ಲಿ ಕೆಲಸ ಮಾಡ್ತಿದ್ದ ಕ್ರಿಸ್ಟೋಫರ್ ಡಾಯ್ಲ್, ಆ ಸಣ್ಣ ರೂಮಿನ ಸೆಟ್ಟು ಬಟ್ಟೆ ಎಲ್ಲ ವಿಲಿಯಂ ಚಾಂಗ್ ಅವರದ್ದು, ಎಡಿಟಿಂಗಲ್ಲೂ ಅವರ ಕೈ ಇದೆ. ಬಣ್ಣ ಬಂದದ್ದು ಪ್ರೀತಿ ವಾಪಸ್ ಬಂತು ಅನ್ನೋದಕ್ಕೆ ಅಂತ ಸುಲಭಕ್ಕೆ ಹೇಳಿಬಿಡಬಹುದು. ನಂಗೆ ಅಷ್ಟು ಸರಳ ಅನ್ನಿಸಲ್ಲ. ಬಣ್ಣ ಬಂದದ್ದು ಹೋ ಕೈ ಕಟ್ಟಿಹೋದಾಗ.

ಯಾಕಂದ್ರೆ ಈಗ ಹೋ ತಾನಾಗಿ ಊಟ ಮಾಡಲಾರ, ಮೈ ತೊಳ್ಕೊಳ್ಳಲಾರ, ಬಾಗಿಲು ತೆಗೆದು ಎಲ್ಲಿಗೂ ಹೋಗಲಾರ. ಫಾಯ್ ತುತ್ತು ಮಾಡಿ ತಿನ್ನಿಸ್ತಾನೆ, ಒದ್ದೆ ಬಟ್ಟೆಯಲ್ಲಿ ಮೈ ಒರೆಸ್ತಾನೆ, ಮಂಚ ಅವನಿಗೆ ಬಿಟ್ಟು ತಾನು ಸೋಫಾದಲ್ಲಿ ಮಲಗ್ತಾನೆ. ಹಾಸಿಗೇಲಿ ತಿಗಣೆ ಇದೆ ಅಂತ ಹೋ ಗೊಣಗಿದ್ರೆ ಹುಡುಕ್ತಾ ಕೂರ್ತಾನೆ. ರಾತ್ರಿ ಹೋ ಎದ್ದು ಬಂದು ಇಬ್ರು ಹಿಡಿಯದ ಆ ಸೋಫಾ ಮೇಲೇ ಒತ್ತರಿಸ್ಕೊಂಡು ಮಲಗೋಕೆ ನೋಡ್ತಾನೆ, ಫಾಯ್ ಬೈತಾನೆ, ಹೋ ಮಕ್ಕಳ ಥರ ಹಠ ಮಾಡ್ತಾನೆ. ಮೊದಲ ಸಲ ನೋಡುವಾಗ ಇಲ್ಲಿ ಫಾಯ್ ದೇವರಂಥ ಮನುಷ್ಯ, ಹೋ ಬರೀ ಉಪಯೋಗಿಸ್ಕೊಳ್ಳೋನು ಅನ್ಸುತ್ತೆ. ಆದ್ರೆ ಆಮೇಲೆ ಫಾಯ್ ದನಿಯಲ್ಲೇ ಒಂದು ಮಾತು ಬರುತ್ತೆ, ಹೋನಿಗೆ ನಾನು ಹೇಳದೇ ಇದ್ದದ್ದೊಂದಿದೆ, ಅವನು ಬೇಗ ಹುಷಾರಾಗೋದು ನಂಗೆ ಬೇಕಿರ್ಲಿಲ್ಲ, ಅವನು ಕಾಯಿಲೆ ಬಿದ್ದಿದ್ದ ದಿನಗಳೇ ನಾವು ಚೆನ್ನಾಗಿದ್ದ ದಿನಗಳು ಅನ್ನೋ ಅರ್ಥದ್ದು. ಇಡೀ ಸಿನಿಮಾದ ಬೀಗದ ಕೈ ಇದೇ ಮಾತು ಅಂತ ನನ್ನ ನಂಬಿಕೆ. ಒಬ್ಬನ ಕೈ ಮುರಿದಿದ್ರೆ ಮಾತ್ರ ನಡೆಯೋ ಸಂಸಾರ ಇದು.

ಆ ದಿನಗಳಲ್ಲಿ ಬರೋ ಒಂದು ಸೀನನ್ನ ನಿಧಾನವಾಗಿ ನೋಡ್ಬೇಕು. ಬೆಳಗಿನ ಕೊರೆಯೋ ಚಳೀಲಿ ವಾಕ್ ಹೋಗೋಣ ಅಂತ ಹೋ ಹಠ ಮಾಡ್ತಾನೆ, ಬಂದಮೇಲೆ ಫಾಯ್‌ಗೆ ಜ್ವರ. ಕಂಬಳಿ ಹೊದ್ದು ನಡುಗ್ತಾ ಮಲಗಿದ್ದಾನೆ. ಹೋ ಪಕ್ಕದಲ್ಲಿ ಬಂದು ನಿಂತು ಹಸಿವಾಗ್ತಿದೆ, ಏನಾದ್ರೂ ಮಾಡ್ಕೊಡು ಅಂತಾನೆ. ಫಾಯ್ ಸಿಡುಕ್ತಾನೆ, ನೀನೇನು ಮನುಷ್ಯನಾ, ಜ್ವರ ಬಂದೋನ ಹತ್ರ ಅಡುಗೆ ಮಾಡಿಸ್ತೀಯಾ ಅಂತ. ಅಲ್ಲಿಗೆ ಕಟ್. ಮುಂದಿನ ಶಾಟಲ್ಲಿ ಅದೇ ಕಂಬಳಿ ಹೊದ್ಕೊಂಡು ಸ್ಟವ್ ಮುಂದೆ ನಿಂತು ಫಾಯ್ ಅನ್ನ ಹುರೀತಿದ್ದಾನೆ. ಯಾರೂ ಏನೂ ವಿವರಿಸಲ್ಲ, ಹಿಂದೆ ಮ್ಯೂಸಿಕ್ಕೂ ಉಬ್ಬಲ್ಲ. ಹೀಗೆ ಬೈಕೊಂಡೇ ಎದ್ದು ಅಡುಗೆ ಮಾಡಿ ಬಡಿಸೋರು ನಮ್ಮನೆಗಳಲ್ಲೂ ಇದ್ದಾರೆ. ಫಾಯ್ ಆ ಅನ್ನ ಹುರಿಯೋದರಲ್ಲಿ ಪ್ರೀತಿ ಎಷ್ಟಿದೆಯೋ, ನಾನಿಲ್ದೆ ನಿಂಗೆ ನಡಿಯಲ್ಲ ಅನ್ನೋ ಸಮಾಧಾನವೂ ಅಷ್ಟೇ ಇದೆ.

ಟ್ಯಾಂಗೋ ಸೀನೂ ಇದೇ ಭಾಗದಲ್ಲಿ ಬರುತ್ತೆ. ಆ ಮನೆಯ ಎಲ್ಲರೂ ಉಪಯೋಗಿಸೋ ಕೊಳಕು ಅಡುಗೆಮನೆ, ಮಂಕು ಬೆಳಕು, ಅಲ್ಲಿ ಇಬ್ರೂ ಅಪ್ಪಿಕೊಂಡು ಹೆಜ್ಜೆ ಹಾಕ್ತಾರೆ. ಮ್ಯೂಸಿಕ್ಕು ಅರ್ಜೆಂಟೀನಾದ ಸಂಗೀತಗಾರ ಆಸ್ಟರ್ ಪಿಯಾಸೊಲ್ಲಾ ಅವರದ್ದು, 1987ರಲ್ಲಿ ನ್ಯೂಯಾರ್ಕಿನ ಒಂದು ರಂಗಪ್ರದರ್ಶನಕ್ಕೆ ಮಾಡಿದ್ದು. ಟ್ಯಾಂಗೋ ಹುಟ್ಟಿದ್ದೇ 19ನೇ ಶತಮಾನದ ಕೊನೆ ಹೊತ್ತಿಗೆ ಈ ಬಂದರಿನ ಬಡ ಕೇರಿಗಳಲ್ಲಿ, ಇಟಲಿ ಸ್ಪೇನ್ ಎಲ್ಲೆಲ್ಲಿಂದಲೋ ಕೂಲಿಗೆ ಬಂದವರು, ಆಫ್ರಿಕಾ ಮೂಲದವರು ಸೇರಿ ಬಾಳಿದ ಜಾಗದಲ್ಲಿ, ಗಂಡಸರು ಗಂಡಸರ ಜೊತೆ ಹೆಜ್ಜೆ ಅಭ್ಯಾಸ ಮಾಡೋದು ಅಲ್ಲಿ ಮಾಮೂಲಿ ಆಗಿತ್ತು ಅಂತಾರೆ. ಬಾರಿನೊಳಗೆ ಟೂರಿಸ್ಟುಗಳಿಗೆ ತೋರಿಸೋ ಟ್ಯಾಂಗೋಗಿಂತ ಈ ಅಡುಗೆಮನೆಯದ್ದೇ ಆ ಮೂಲಕ್ಕೆ ಹತ್ತಿರ ಅಂತ ನಂಗನ್ಸುತ್ತೆ. ಇಬ್ರಲ್ಲಿ ಮೊದಲು ಟ್ಯಾಂಗೋ ಕಲಿಸೋನು ಹೋ, ಬ್ಯಾಂಡೇಜಿನ ಕೈ ಇಟ್ಕೊಂಡೇ ಹೆಜ್ಜೆ ತಿದ್ದುತಾನೆ. ಇಡೀ ರೂಮಲ್ಲಿ ಅವನ ಮಾತು ನಡೆಯೋದು ಆ ಕೆಲವು ನಿಮಿಷ.

ಆಮೇಲೆ ಬ್ಯಾಂಡೇಜ್ ಬಿಚ್ತಾರೆ, ಕೆಡೋಕೂ ಶುರುವಾಗುತ್ತೆ. ಹೋ ರಾತ್ರಿ ಸಿಗರೇಟ್ ತರೋಕೆ ಅಂತ ಆಚೆ ಹೋಗ್ತಾನೆ, ಅದಕ್ಕೆ ಫಾಯ್ ಕಟ್ಟುಗಟ್ಟಲೆ ಸಿಗರೇಟ್ ತಂದು ರೂಮಲ್ಲಿ ಪೇರಿಸಿಡ್ತಾನೆ, ಇನ್ನು ಆಚೆ ಹೋಗೋಕೆ ನೆಪ ಬೇಡ ಅಂತ. ಹೋನಿಗೆ ಅದು ಅರ್ಥ ಆಗಿ ಎಲ್ಲ ಕೆಡವಿಹಾಕ್ತಾನೆ. ಎಷ್ಟು ಜನರ ಜೊತೆ ಮಲಗಿದ್ದೀಯ ಅಂತ ಫಾಯ್ ಕೇಳ್ತಾನೆ. ಹೋ ತನ್ನ ಪಾಸ್‌ಪೋರ್ಟ್ ಕೇಳ್ತಾನೆ, ಫಾಯ್ ಕೊಡಲ್ಲ. ಬಚ್ಚಿಟ್ಟಿದ್ದಾನೆ, ಬಚ್ಚಿಟ್ಟಿದ್ದೀನಿ ಅಂತ ಒಪ್ಕೋತಾನೆ, ಕೊಡಲ್ಲ ಅಂತಾನೂ ಮುಖದ ಮೇಲೇ ಹೇಳ್ತಾನೆ. ಹೋ ರೂಮೆಲ್ಲ ಕಿತ್ತು ಹಾಕಿ ಹುಡುಕ್ತಾನೆ. ಮಂಗಳೂರು, ಉಡುಪಿ ಕಡೆ ಗಲ್ಫಿಗೆ ಜನ ಹೋಗಿರೋ ಮನೆಗಳಲ್ಲಿ ಈ ಮಾತಿನ ತೂಕ ಗೊತ್ತು, ಪಾಸ್‌ಪೋರ್ಟ್ ಧಣಿ ಹತ್ರ ಇದೆ ಅಂದ್ರೆ ಇನ್ನೇನೂ ಹೇಳೋದು ಬೇಕಿಲ್ಲ. ಪರದೇಶದಲ್ಲಿ ಪಾಸ್‌ಪೋರ್ಟ್ ಕಿತ್ಕೊಳ್ಳೋದು ಅಂದ್ರೆ ಮನುಷ್ಯನನ್ನೇ ಕಟ್ಟಿಹಾಕೋದು. ಅದನ್ನ ಇಲ್ಲಿ ಮಾಡ್ತಿರೋದು ಧಣಿ ಅಲ್ಲ, ತುತ್ತು ತಿನ್ನಿಸಿದ ಅದೇ ಕೈ.

ನಂಗೆ ಈ ಸಿನಿಮಾ ಇಷ್ಟು ಮುಖ್ಯ ಆಗೋದು ಇಲ್ಲೇ. ವಾಂಗ್ ಯಾರ ಪಕ್ಷನೂ ವಹಿಸಲ್ಲ. ಹೋ ನಂಬೋಕಾಗದ ಮನುಷ್ಯ ನಿಜ, ಆದ್ರೆ ಅವನನ್ನ ಹಿಡಿದಿಡೋಕೆ ಫಾಯ್ ಮಾಡೋದು ಪ್ರೀತಿ ಅನ್ನೋ ಹೆಸರಿನ ಜೈಲು. ಇದೇ ಹಾಂಗ್‌ಕಾಂಗಲ್ಲಿ ಆಗಿದ್ರೆ ಹೋ ಟ್ಯಾಕ್ಸಿ ಹಿಡಿದು ಇನ್ಯಾರದೋ ಮನೆಗೆ ಹೋಗ್ತಿದ್ದ, ಫಾಯ್ ಯಾರೋ ಸ್ನೇಹಿತನ ಹತ್ರ ಹೇಳ್ಕೊಂಡು ಅಳ್ತಿದ್ದ. ಇಲ್ಲಿ ಭಾಷೆ ಇಲ್ಲ, ಕಾಸಿಲ್ಲ, ಗುರ್ತಿನವರಿಲ್ಲ, ಒಬ್ಬರಿಗೆ ಇನ್ನೊಬ್ಬರು ಬಿಟ್ರೆ ಯಾರೂ ಇಲ್ಲ, ಹಾಗಿರುವಾಗ ಊರಲ್ಲಿ ಬರೀ ಮುನಿಸಾಗಿ ಹೋಗ್ತಿದ್ದದ್ದು ಇಲ್ಲಿ ಉಸಿರು ಕಟ್ಟಿಸುತ್ತೆ. ಮೊದಲಿಂದ ಶುರು ಮಾಡೋಕೆ ದೂರ ಬಂದ್ರು, ಆದ್ರೆ ದೂರ ಬಂದದ್ದಕ್ಕೇ ಇಬ್ರೂ ಒಬ್ಬರಿಗೊಬ್ಬರು ಬೇಡಿ ಆದ್ರು.

ಇಬ್ರೂ ಗಂಡಸರು ಅನ್ನೋದನ್ನ ಸಿನಿಮಾ ಹೇಗೆ ನೋಡುತ್ತೆ ಅಂತ ಕೇಳಿದ್ರೆ, ಅದನ್ನೊಂದು ಸಮಸ್ಯೆ ಥರ ನೋಡೋದೇ ಇಲ್ಲ. ಶುರುವಿನಲ್ಲೇ ಮಂಚದ ಮೇಲಿನ ಸೀನ್ ಬರುತ್ತೆ, ಮುಚ್ಚುಮರೆ ಇಲ್ದೆ, ಅಲ್ಲಿಗೆ ಆ ವಿಷ್ಯ ಮುಗೀತು. ಯಾರೂ ಕದ್ದುಮುಚ್ಚಿ ಬದುಕ್ತಿಲ್ಲ, ಸಮಾಜ ಬಂದು ಕಲ್ಲೆಸೆಯಲ್ಲ, ರೋಗ ಬಂದು ಸಾಯೋದಿಲ್ಲ, ನಾನು ಹೀಗೇಕೆ ಅಂತ ಯಾರೂ ಗೋಳಾಡಲ್ಲ. ಆ ಕಾಲಕ್ಕೆ ಇದು ಬಹಳ ದೊಡ್ಡದು. ಹಾಂಗ್‌ಕಾಂಗಲ್ಲಿ ಬ್ರಿಟಿಷರ ಕಾಲದ ಕಾನೂನಿನ ಪ್ರಕಾರ ಗಂಡಸರ ನಡುವಿನ ಸಂಬಂಧಕ್ಕೆ ಜೀವಾವಧಿ ಶಿಕ್ಷೆ ತನಕ ಕೊಡಬಹುದಿತ್ತು, ಅದನ್ನ ತೆಗೆದಿದ್ದು 1991ರಲ್ಲಿ, ಅಂದ್ರೆ ಈ ಸಿನಿಮಾಗೆ ಬರೀ ಆರು ವರ್ಷ ಮುಂಚೆ. ಅದೇ ಬ್ರಿಟಿಷರು 1860ರಲ್ಲಿ ನಮಗೆ ಬರೆದಿಟ್ಟು ಹೋದ 377ನೇ ಸೆಕ್ಷನ್ನನ್ನ ನಮ್ಮ ಸುಪ್ರೀಂ ಕೋರ್ಟು ವಯಸ್ಕರ ಒಪ್ಪಿಗೆಯ ಸಂಬಂಧಕ್ಕೆ ಅನ್ವಯಿಸಲ್ಲ ಅಂದಿದ್ದು 2018ರ ಸೆಪ್ಟೆಂಬರ್ 6ಕ್ಕೆ. ಕಾನೂನು ಅಷ್ಟು ಹತ್ತಿರದಲ್ಲಿ ಬದಲಾದ ಊರಿನ ಡೈರೆಕ್ಟರೊಬ್ಬರು, ಗೇ ಜೋಡಿಯನ್ನ ಸಂತರ ಥರನೂ ತೋರಿಸದೆ ಪಾಪದವರ ಥರನೂ ತೋರಿಸದೆ, ಎಲ್ಲರ ಹಾಗೆ ಕೆಟ್ಟದಾಗಿ ಪ್ರೀತಿ ಮಾಡೋ ಹಕ್ಕು ಇವರಿಗೂ ಇದೆ ಅನ್ನೋ ಹಾಗೆ ತೋರಿಸಿದ್ರು. ಕೆಲವರು ಇದನ್ನೇ ದೂರು ಅಂತ ಹೇಳ್ತಾರೆ, ಗೇ ಸಂಬಂಧನ ಇಷ್ಟು ವಿಷ ಅಂತ ತೋರಿಸಬೇಕಿತ್ತಾ ಅಂತ. ನಾನು ಆ ದೂರನ್ನ ಹಗುರವಾಗಿ ತಗೊಳ್ಳಲ್ಲ, ಆಗ ಅಂಥ ಕಥೆಗಳೇ ಕಮ್ಮಿ ಇದ್ವು, ಇದ್ದ ಒಂದೆರಡರಲ್ಲೂ ನೋವೇ ಇದ್ರೆ ಬೇಜಾರಾಗೋದು ನ್ಯಾಯವೇ. ಆದ್ರೆ ಆ ರೂಮಲ್ಲಿ ಆಗೋ ಯಾವುದೂ ಅವರು ಗೇ ಅನ್ನೋ ಕಾರಣಕ್ಕೆ ಆಗಿದ್ದಲ್ಲ ಅನ್ನೋದನ್ನ ಸಿನಿಮಾ ಅಷ್ಟು ಗಟ್ಟಿಯಾಗಿ ಹಿಡಿದಿದೆ.

ಲೆಸ್ಲಿ ಚೆಯುಂಗ್ ಬಗ್ಗೆ ಎರಡು ಮಾತು ಹೇಳ್ಲೇಬೇಕು. ಅವರು ಆಗ ಹಾಂಗ್‌ಕಾಂಗಿನ ಬಹಳ ದೊಡ್ಡ ಗಾಯಕ, ನಟ. ಅಂಥ ಸ್ಟಾರು ಈ ಪಾತ್ರ ಒಪ್ಕೊಂಡಿದ್ದೇ ಒಂದು ಧೈರ್ಯ, ಅದರ ಜೊತೆಗೆ 1997ರ ಜನವರಿಯಲ್ಲಿ ಹಾಂಗ್‌ಕಾಂಗಿನ ಕಾನ್ಸರ್ಟಲ್ಲಿ ಸಾವಿರಾರು ಜನರ ಮುಂದೆ ಒಂದು ಹಾಡನ್ನ ತಮ್ಮ ತಾಯಿಗೂ, ತಮ್ಮ ಬಾಳಸಂಗಾತಿಯಾಗಿದ್ದ ಗಂಡಸಿಗೂ ಅರ್ಪಿಸಿದ್ರು. ಸಿನಿಮಾ ಬಂದದ್ದು ಅದೇ ವರ್ಷ ಮೇನಲ್ಲಿ. 2003ರ ಏಪ್ರಿಲ್ 1ಕ್ಕೆ ಅವರು ತೀರ್ಕೊಂಡ್ರು, 46 ವರ್ಷ. ಆ ಸುದ್ದಿ ಗೊತ್ತಿದ್ದು ಈ ಸಿನಿಮಾ ನೋಡೋದು ಕಷ್ಟ, ಆದ್ರೆ ಹೋ ಪಾತ್ರವನ್ನ ಅವರ ಸ್ವಂತ ಜೀವನಕ್ಕೆ ಅಂಟಿಸಿ ನೋಡೋದು ಅವರಿಗೆ ಮಾಡೋ ಅನ್ಯಾಯ. ಹೋನ ಚೆಲ್ಲಾಟ, ಮುನಿಸು, ಏನೂ ಇಲ್ಲದವನ ಹಾಗೆ ನಗೋ ರೀತಿ ಎಲ್ಲ ಒಬ್ಬ ದೊಡ್ಡ ನಟ ಯೋಚಿಸಿ ಮಾಡಿದ ಕೆಲಸ.

ಅವರ ಕಾನ್ಸರ್ಟ್ ಟೂರಿನ ಕಾರಣಕ್ಕೇ ಕಥೆ ತಿರುಗಿತು ಅನ್ನೋದೂ ನಿಜ. ಕೆಲವೇ ವಾರ ಅಂದ್ಕೊಂಡಿದ್ದ ಶೂಟಿಂಗು ತಿಂಗಳುಗಟ್ಟಲೆ ಎಳೀತು, ವಾಂಗ್ ಪೂರ್ತಿ ಬರೆದ ಸ್ಕ್ರಿಪ್ಟ್ ಇಟ್ಕೊಂಡು ಕೆಲಸ ಮಾಡೋರೇ ಅಲ್ಲ, ದಿನಾ ಬರೀತಾ ದಿನಾ ಶೂಟ್ ಮಾಡ್ತಾ ಹೋಗೋರು. ಲೆಸ್ಲಿ ಹೊರಡಬೇಕಾದಾಗ ತೈವಾನಿನ ಯುವ ನಟ ಚಾಂಗ್ ಚೆನ್ ಮಾಡಿದ, ಚಾಂಗ್ ಅಂತಾನೇ ಹೆಸರಿರೋ ಪಾತ್ರ ದೊಡ್ಡದಾಯ್ತು. ಗಾಯಕಿ ಶರ್ಲಿ ಕ್ವಾನ್ ಅವರನ್ನ ಅರ್ಜೆಂಟೀನಾ ತನಕ ಕರೆಸಿ ಶೂಟ್ ಮಾಡಿ, ಎಡಿಟಿಂಗಲ್ಲಿ ಆ ಪಾತ್ರನೇ ಪೂರ್ತಿ ತೆಗೆದುಹಾಕಿದ್ರು. ಇಡೀ ಯೂನಿಟ್ಟೇ ಊರು ಬಿಟ್ಟು ಬಂದು, ದುಡ್ಡು ಟೈಮು ಮುಗೀತಾ, ಯಾವಾಗ ವಾಪಸ್ ಹೋಗ್ತೀವಿ ಅಂತ ಗೊತ್ತಿಲ್ದೆ ಕೂತಿತ್ತು. ಪರದೆ ಮೇಲೆ ಕಾಣೋ ಆ ದಣಿವು ಸುಮ್ನೆ ಬಂದದ್ದಲ್ಲ.

ಚಾಂಗ್ ಪಾತ್ರಕ್ಕೆ ಬಂದ್ರೆ, ಹೋನ ಹೊಡೆದವನ ತಲೆಗೆ ಬಾಟ್ಲಿ ಒಡೆದು ಫಾಯ್ ಬಾರಿನ ಕೆಲಸ ಕಳ್ಕೊಂಡು ಒಂದು ಚೈನೀಸ್ ರೆಸ್ಟೋರೆಂಟಿನ ಅಡುಗೆಮನೆ ಸೇರಿರ್ತಾನೆ, ಅಲ್ಲಿ ಸಿಗೋನು ಈ ಚಾಂಗ್. ತೈಪೆ ಹುಡುಗ, ಊರೂರು ಸುತ್ತೋನು, ಚಿಕ್ಕಂದಿನಲ್ಲಿ ಕಣ್ಣು ಸರಿ ಇರ್ಲಿಲ್ಲ, ಅದಕ್ಕೆ ಕಿವಿ ಬಹಳ ಸೂಕ್ಷ್ಮ. ಮುಖ ನೋಡಿ ಮೋಸ ಹೋಗಬಹುದು, ದನಿ ಸುಳ್ಳು ಹೇಳಲ್ಲ ಅನ್ನೋದು ಅವನ ನಂಬಿಕೆ. ಅವನು ಫಾಯ್‌ನ ಪ್ರೀತಿಸ್ತಿದ್ನಾ, ಗೇ ಹೌದಾ ಅಲ್ವಾ, ಸಿನಿಮಾ ಹೇಳಲ್ಲ, ಹೇಳೋದು ಬೇಕೂ ಇಲ್ಲ. ಅವನು ಬಂದಮೇಲೆ ಆಗೋ ಬದಲಾವಣೆ ನೋಡಿ ಸಾಕು. ಅಲ್ಲಿವರೆಗೆ ಕ್ಯಾಮೆರಾ ರೂಮಲ್ಲೇ, ಕನ್ನಡಿಯಲ್ಲೇ, ಸಂದಿಯಲ್ಲೇ ಒದ್ದಾಡ್ತಿತ್ತು, ಈಗ ಅಡುಗೆಮನೆ ಹುಡುಗರೆಲ್ಲ ಸೇರಿ ಓಣಿಯಲ್ಲಿ ಫುಟ್‌ಬಾಲ್ ಆಡ್ತಾರೆ, ಇಳಿಬಿಸಿಲು ನೇರ ಲೆನ್ಸಿಗೆ ಹೊಡೆಯುತ್ತೆ. ಚಾಂಗ್ ಫಾಯ್‌ನ ಹಿಡಿದಿಡಲ್ಲ, ಏನೂ ಕೇಳಲ್ಲ. ಹೊರಡೋವಾಗ ಒಂದು ಟೇಪ್ ರೆಕಾರ್ಡರ್ ಕೊಟ್ಟು, ನಿನ್ನ ದುಃಖ ಇದರಲ್ಲಿ ಹೇಳು, ಭೂಮಿಯ ತುದಿಗೆ ತಗೊಂಡು ಹೋಗಿ ಬಿಟ್ಟುಬರ್ತೀನಿ ಅಂತಾನೆ. ಫಾಯ್‌ಗೆ ಒಂದು ಮಾತೂ ಬರಲ್ಲ, ರೆಕಾರ್ಡರ್ ಮುಖಕ್ಕೆ ಒತ್ಕೊಂಡು ಅಳ್ತಾನೆ. ಟೋನಿ ಲಿಯುಂಗ್‌ಗೆ ಈ ಸಿನಿಮಾಕ್ಕೆ ಹಾಂಗ್‌ಕಾಂಗ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಬೆಸ್ಟ್ ಆಕ್ಟರ್ ಬಂತು, ಆ ಒಂದು ಶಾಟ್ ನೋಡಿದ್ರೆ ಯಾಕೆ ಅಂತ ಕೇಳಬೇಕಾಗಿಲ್ಲ. ಚಾಂಗ್ ಅದನ್ನ ದಕ್ಷಿಣದ ತುದಿಯ ಉಶುವಾಯಾ ಹತ್ರ ಇರೋ ಲೈಟ್‌ಹೌಸಿಗೆ ತಗೊಂಡು ಹೋಗಿ ಕೇಳಿಸ್ಕೋತಾನೆ, ಅಷ್ಟು ಚುರುಕು ಕಿವಿಗೂ ಸಿಗೋದು ಅಳುವಿನಂಥ ಎರಡು ಸದ್ದು ಮಾತ್ರ.

ಅಷ್ಟರಲ್ಲಿ ಫಾಯ್ ಒಬ್ಬನೇ. ಪಬ್ಲಿಕ್ ಟಾಯ್ಲೆಟ್ಟು, ಸಿನಿಮಾ ಹಾಲು, ಅಂಥ ಕಡೆ ಗುರ್ತಿಲ್ಲದ ಗಂಡಸರ ಜೊತೆ ಹೋಗೋಕೆ ಶುರು ಮಾಡ್ತಾನೆ. ನಾನು ಹೋ ಥರ ಅಲ್ಲ ಅಂದ್ಕೊಂಡಿದ್ದೆ, ಒಂಟಿ ಆದ್ರೆ ಎಲ್ಲರೂ ಒಂದೇ ಅಂತ ತಾನೇ ಒಪ್ಕೋತಾನೆ. ಕೆಟ್ಟವನು ಒಳ್ಳೆಯವನು ಅಂತ ನಾವು ಮನಸ್ಸಲ್ಲಿ ಎಳೆದಿದ್ದ ಗೆರೆ ಇಲ್ಲಿ ಅಳಿಸಿಹೋಗುತ್ತೆ. ಆಮೇಲೆ ಹೆಚ್ಚು ದುಡ್ಡಿಗೆ ಕಸಾಯಿಖಾನೆಯಲ್ಲಿ ರಾತ್ರಿ ಪಾಳಿ ಸೇರ್ತಾನೆ. ಪೈಪ್ ಹಿಡಿದು ನೆಲದ ರಕ್ತ ತೊಳೆಯೋದು, ಎಷ್ಟು ತೊಳೆದ್ರೂ ಅದು ಹರಿದು ಮತ್ತೆ ಬರೋದು. ಹಗಲು ಮಲಗಿ ರಾತ್ರಿ ದುಡಿದು ಅವನ ಮೈ ಹಾಂಗ್‌ಕಾಂಗ್ ಟೈಮಿಗೆ ವಾಪಸ್ ಹೋಗಿರುತ್ತೆ, ಇನ್ನೂ ಹೊರಟಿಲ್ಲ, ಆದ್ರೆ ದೇಹ ಆಗಲೇ ಊರು ತಲುಪಿದೆ. ಅಪ್ಪನ ಸ್ನೇಹಿತನ ಕಂಪನಿ ದುಡ್ಡು ಕದ್ದು ಊರು ಬಿಟ್ಟವನು ಅವನು ಅನ್ನೋದು ನಮಗೆ ಗೊತ್ತಾಗೋದೂ ತಡವಾಗಿ, ಅಪ್ಪನಿಗೆ ಉದ್ದದ ಪತ್ರ ಬರೀತಾನೆ. ಅಲ್ಲಿಗೆ ಇನ್ನೊಂದು ಅರ್ಥ ಆಗುತ್ತೆ, ಮೊದಲಿಂದ ಶುರು ಮಾಡೋಣ ಅನ್ನೋ ಮಾತು ಫಾಯ್‌ಗೆ ಹೋ ಜೊತೆ ಮಾತ್ರ ಅಲ್ಲ, ಅಪ್ಪನ ಜೊತೆಗೂ ಬೇಕಿತ್ತು. 'ಹ್ಯಾಪಿ ಟುಗೆದರ್' (ಜೊತೆಯಾಗಿ ಖುಷಿಯಾಗಿ) ಅನ್ನೋ ಹೆಸರು ಇಬ್ಬರಿಗೆ ಮಾತ್ರ ಅಲ್ಲ, ಒಬ್ಬ ಮನುಷ್ಯ ಮತ್ತು ಅವನ ಹಿಂದಿನ ಬದುಕಿಗೂ ಅನ್ವಯಿಸುತ್ತೆ ಅನ್ನೋ ಅರ್ಥದಲ್ಲಿ ವಾಂಗ್ ಕೂಡ ಮಾತಾಡಿದ್ದಾರೆ.

ಇಗುವಾಸು ಸಿನಿಮಾದಲ್ಲಿ ಎರಡು ಸಲ ಬರುತ್ತೆ. ಮೊದಲ ಸಲ ಶುರುವಿನಲ್ಲೇ, ಇಬ್ರೂ ಅಲ್ಲಿಗೆ ಹೋಗದೇ ಇದ್ದಾಗ, ಮೇಲಿಂದ ತೆಗೆದ ಉದ್ದ ಶಾಟು, ಬ್ರೆಜಿಲ್ ಗಾಯಕ ಕಾಯೆತಾನೊ ವೆಲೋಸೊ ದನಿಯಲ್ಲಿ ಹಾಡು. ಅರ್ಜೆಂಟೀನಾ ಬ್ರೆಜಿಲ್ ಗಡಿಯಲ್ಲಿ ಸುಮಾರು 275 ಕವಲಾಗಿ ಬೀಳೋ ನೀರದು, ಕೆಲವು ಕಡೆ 80 ಮೀಟರ್ ಆಳಕ್ಕೆ, ಬ್ಯೂನಸ್ ಐರಿಸ್‌ನಿಂದ ರೋಡಲ್ಲಿ 1,300 ಕಿಲೋಮೀಟರ್ ಹತ್ರ ಹತ್ರ ಆಗುತ್ತೆ. ಎರಡನೇ ಸಲ ಫಾಯ್ ಒಬ್ಬನೇ ಹೋಗಿ ನಿಂತಾಗ, ಮುಖದ ಮೇಲೆ ನೀರು, ಇಲ್ಲಿ ಇಬ್ರು ನಿಂತಿರ್ಬೇಕಿತ್ತು ಅಂತ ಅವನಿಗೆ ಅನ್ಸುತ್ತೆ. ಅದೇ ಹೊತ್ತಿಗೆ ಹೋ ಫಾಯ್ ಬಿಟ್ಟುಹೋದ ರೂಮಿಗೆ ವಾಪಸ್ ಬಂದಿದ್ದಾನೆ. ನೆಲ ಒರೆಸ್ತಾನೆ, ಸಿಗರೇಟ್ ಪ್ಯಾಕುಗಳನ್ನ ಫಾಯ್ ಜೋಡಿಸಿದ್ದ ಹಾಗೇ ಜೋಡಿಸಿಡ್ತಾನೆ, ಕೆಟ್ಟುಹೋಗಿದ್ದ ಲ್ಯಾಂಪ್ ರಿಪೇರಿ ಮಾಡ್ತಾನೆ, ಕಂಬಳಿ ತಬ್ಕೊಂಡು ಬಿಕ್ಕಿ ಬಿಕ್ಕಿ ಅಳ್ತಾನೆ. ಬಿಟ್ಟುಹೋಗೋನು ಯಾವಾಗಲೂ ಹೋ, ಕಾಯ್ತಾ ಕೂರೋನು ಫಾಯ್ ಆಗಿದ್ದ. ಈಗ ಅದು ತಿರುಗಿಹೋಗಿದೆ, ಮತ್ತೆ ಈ ಸಲ "ಮೊದಲಿಂದ ಶುರು ಮಾಡೋಣ" ಅಂತ ಹೇಳೋಕೆ ಎದುರಿಗೆ ಯಾರೂ ಇಲ್ಲ. ಪಾಸ್‌ಪೋರ್ಟ್ ಇಲ್ದೆ ಹೋ ಮುಂದೇನಾದ ಅಂತ ಸಿನಿಮಾ ತೋರಿಸಲ್ಲ, ನಂಗೆ ಅದೇ ಅದರ ಅತ್ಯಂತ ಕಠಿಣ ನಿರ್ಧಾರ ಅನ್ಸುತ್ತೆ.

ತೈಪೆ ಯಾಕೆ ಬರುತ್ತೆ ಅನ್ನೋದು ಉಳೀತು. ಊರಿಗೆ ಹೋಗೋ ದಾರೀಲಿ ಫಾಯ್ ತೈಪೆಯಲ್ಲಿ ಇಳೀತಾನೆ. ಹೋಟೆಲ್ ರೂಮಲ್ಲಿ ಎದ್ದಾಗ ಟಿವಿಯಲ್ಲಿ ಚೀನಾದ ನಾಯಕ ಡೆಂಗ್ ಶಿಯಾವೋಪಿಂಗ್ ತೀರ್ಕೊಂಡ ಸುದ್ದಿ. 1997ರ ಫೆಬ್ರವರಿ 19ಕ್ಕೆ ನಿಜವಾಗಿ ಆದದ್ದದು. ಒಂದು ದೇಶ ಎರಡು ವ್ಯವಸ್ಥೆ ಅಂತ ಹೇಳಿ, 1984ರ ಒಪ್ಪಂದದಲ್ಲಿ ಹಾಂಗ್‌ಕಾಂಗ್ ವಾಪಸ್ ಪಡೆಯೋ ಮಾತು ಗಟ್ಟಿ ಮಾಡಿದ ನಾಯಕ ಹಾಂಗ್‌ಕಾಂಗ್ ಕೈಸೇರೋಕೆ ನಾಲ್ಕೇ ತಿಂಗಳು ಮುಂಚೆ ಹೋದ್ರು. ಯಾವ ಪ್ರಶ್ನೆಯಿಂದ ತಪ್ಪಿಸ್ಕೊಳ್ಳೋಕೆ ಭೂಮಿಯ ಆ ಕಡೆಗೆ ಹೋಗಿದ್ರೋ ಅದು ಹೋಟೆಲ್ ಟಿವಿಯಲ್ಲಿ ಕಾಯ್ಕೊಂಡು ಕೂತಿತ್ತು. ಇದನ್ನ ಹಿಡ್ಕೊಂಡು ಫಾಯ್, ಹೋ ಅಂದ್ರೆ ಹಾಂಗ್‌ಕಾಂಗು ಚೀನಾ, ಚಾಂಗ್ ಅಂದ್ರೆ ತೈವಾನು ಅಂತ ಪಾತ್ರಕ್ಕೊಂದು ದೇಶ ಹಚ್ಚಿ ಬರೆದವರು ಬಹಳ ಜನ ಇದ್ದಾರೆ. ಓದೋಕೆ ಚೆನ್ನಾಗಿರುತ್ತೆ, ಆದ್ರೆ ಹಾಗೆ ಬಿಗಿಯಾಗಿ ಹಚ್ಚಿದ್ರೆ ಅನ್ನ ಹುರಿಯೋ ಸೀನು, ತಿಗಣೆ ಸೀನು ಎಲ್ಲ ಅರ್ಥ ಕಳ್ಕೊಳುತ್ತೆ. ರಾಜಕೀಯ ಇದೆ, ಆದ್ರೆ ಅದು ಪಾತ್ರಗಳ ಹಣೆ ಮೇಲೆ ಬರೆದಿಲ್ಲ, ವಾಪಸ್ ಹೋಗಬೇಕು ಆದ್ರೆ ವಾಪಸ್ ಹೋಗೋ ಊರು ಅದೇ ಊರಾಗಿ ಉಳಿದಿರಲ್ಲ ಅನ್ನೋ ಭಯದಲ್ಲಿದೆ.

ತೈಪೆಯ ನೈಟ್ ಮಾರ್ಕೆಟ್ಟಲ್ಲಿ ಚಾಂಗ್ ಅಪ್ಪ ಅಮ್ಮ ನಡೆಸೋ ಊಟದ ಅಂಗಡಿಗೆ ಫಾಯ್ ಹೋಗ್ತಾನೆ. ಗಿಜಿಗಿಜಿ ಜನ, ಹಬೆ, ಯಾರೋ ಮಾತಾಡ್ಸ್ತಾರೆ. ಈ ಹುಡುಗ ಯಾಕೆ ಅಷ್ಟು ನಿರಾಳವಾಗಿ ಊರೂರು ಸುತ್ತೋಕಾಗುತ್ತೆ ಅಂತ ಅವನಿಗೆ ಅಲ್ಲಿ ಗೊತ್ತಾಗುತ್ತೆ, ವಾಪಸ್ ಬರೋಕೆ ಅವನಿಗೊಂದು ಜಾಗ ಇದೆ. ಅಲ್ಲಿಂದ ಚಾಂಗ್‌ನ ಒಂದು ಫೋಟೋ ಕದ್ದು ಇಟ್ಕೋತಾನೆ, ಆಮೇಲೆ ಮೆಟ್ರೋ ಹತ್ತುತಾನೆ, ಹಿಂದೆ ಸಿನಿಮಾದ ಹೆಸರಿನದೇ ಹಾಡು, ಹಾಡಿರೋದು ಡ್ಯಾನಿ ಚುಂಗ್. ಸುಖಾಂತ್ಯ ಅಂತ ಕರೀಬಹುದಾ? ಫಾಯ್ ಮಟ್ಟಿಗೆ ಹೌದು ಅಂತೀನಿ. ಅವನಿಗೆ ಯಾರೂ ಸಿಕ್ಕಿಲ್ಲ, ಆದ್ರೆ ಯಾರನ್ನೂ ಕಟ್ಟಿಹಾಕೋದು ಬೇಕಾಗಿಲ್ಲ.

ಮೇ 1997ರಲ್ಲಿ ಫ್ರಾನ್ಸಿನ ಕಾನ್ ಫಿಲ್ಮ್ ಫೆಸ್ಟಿವಲ್ಲಲ್ಲಿ ಇದಕ್ಕೆ ವಾಂಗ್ ಬೆಸ್ಟ್ ಡೈರೆಕ್ಟರ್ ಅವಾರ್ಡ್ ತಗೊಂಡ್ರು, ಹಾಂಗ್‌ಕಾಂಗಿನ ಡೈರೆಕ್ಟರ್ ಒಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಈಗ ನೋಡೋರು ಸಾಮಾನ್ಯವಾಗಿ ನೋಡೋದು ಹೊಸದಾಗಿ ಸರಿಪಡಿಸಿದ 4ಕೆ ಪ್ರಿಂಟು. 2019ರಲ್ಲಿ ಬೆಂಕಿ ಬಿದ್ದು ಇದರ ನೆಗೆಟಿವ್ ಸ್ವಲ್ಪ ಹಾಳಾಯ್ತು, ಸೌಂಡ್ ಕೂಡ ಕೆಲವು ಕಡೆ ಹೋಯ್ತು, ಹಾಗಾಗಿ ಫಾಯ್‌ನ ಕೆಲವು ಸ್ವಗತ ವಾಂಗ್ ಅವರೇ ಚಿಕ್ಕದು ಮಾಡಿದ್ದಾರೆ. ಹಳೇ ಡಿವಿಡಿ ಯಾರ ಹತ್ರನಾದ್ರೂ ಇದ್ರೆ ಅದನ್ನೂ ಒಂದು ಸಲ ನೋಡಿ, ಈ ಸಿನಿಮಾದಲ್ಲಿ ಫಾಯ್‌ನ ದನಿಯಲ್ಲಿ ಬರೋ ಒಂದೊಂದು ಸಾಲೂ ಬೆಲೆಯದ್ದು. ಶೂಟಿಂಗ್ ಬಗ್ಗೆ 1999ರಲ್ಲಿ ಬಂದ ಡಾಕ್ಯುಮೆಂಟರಿ 'ಬ್ಯೂನಸ್ ಐರಿಸ್ ಝೀರೋ ಡಿಗ್ರಿ' ಸಿಕ್ಕಿದ್ರೆ ಬಿಡಬೇಡಿ, ಕತ್ತರಿಸಿ ಹಾಕಿದ ಪಾತ್ರಗಳು, ಸೀನುಗಳು ಎಲ್ಲ ಅದರಲ್ಲಿವೆ, ಆದ್ರೆ ಅದನ್ನ ಸಿನಿಮಾ ನೋಡಿದ ಮೇಲೇ ನೋಡಿ, ಮುಂಚೆ ನೋಡಿದ್ರೆ ಇನ್ನೊಂದು ಸಿನಿಮಾನೇ ತಲೇಲಿ ಕೂತ್ಕೊಳುತ್ತೆ.